26 ಅಡಿಯ ಬೋಟಿಗೆ ಒಬ್ಬರು ಸಾಕೇ?

ದೊಡ್ಡ ಮೋಟರ್ ಬೋಟನ್ನು ನೀರಿನಿಂದ ಟ್ರೇಲರಿಗೆ ಏರಿಸಿ ಮನೆಗೆ ಎಳೆದು ತರುವ ಕೆಲಸವನ್ನು ಒಬ್ಬರೇ ಮಾಡಬಹುದೇ? ಅಮೆರಿಕದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಒಬ್ಬರು ಮಿಶಿಗನ್‌ನ ಸೇಂಟ್ ಕ್ಲೇರ್ ಸರೋವರದ ಕಡೆಯವರು, ಇನ್ನೊಬ್ಬರು ವಾಷಿಂಗ್ಟನ್ ರಾಜ್ಯದ ಎವರೆಟ್ ಊರಿನವರು.

ಪರ: ಒಂದು ತಲೆ, ಒಂದು ಕ್ರಮ

ನನ್ನ ಬೋಟನ್ನು ನಾನೊಬ್ಬನೇ ಇಳಿಸುತ್ತೇನೆ, ನಾನೊಬ್ಬನೇ ಏರಿಸುತ್ತೇನೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ. ಉದ್ದ 26 ಅಡಿ, ಅಗಲ ಎಂಟೂವರೆ ಅಡಿ. ಅದಕ್ಕಿಂತ ಅಗಲವಾದರೆ ಇಲ್ಲಿಯ ಬಹುತೇಕ ರಾಜ್ಯಗಳಲ್ಲಿ ರಸ್ತೆಯ ಮೇಲೆ ಎಳೆಯಲು ಬೇರೆ ಪರವಾನಗಿ ಬೇಕು. ಬೋಟು, ಎಂಜಿನ್, ಟ್ರೇಲರ್, ತುಂಬಿದ ಟ್ಯಾಂಕು ಎಲ್ಲ ಸೇರಿ ಲಾರಿ ತೂಗುವ ಕಟ್ಟೆಯ ಮೇಲೆ 8,400 ಪೌಂಡ್ ಬಂತು. ನಮ್ಮ ಲೆಕ್ಕದಲ್ಲಿ 3,800 ಕಿಲೋ. ಇಷ್ಟನ್ನು ಒಬ್ಬನೇ ಹೇಗಪ್ಪಾ ಎಂದು ಕೇಳುವವರೆಲ್ಲ ಈ ತೂಕಕ್ಕೆ ಹೆದರಿದವರು. ಆ ತೂಕವನ್ನು ನೀರು ಎತ್ತುತ್ತದೆ, ಟ್ರೇಲರಿನ ಮುಂದಿರುವ, ಪಟ್ಟಿ ಸುತ್ತುವ ರಾಟೆ ಅಂದರೆ ವಿಂಚು ಎಳೆಯುತ್ತದೆ, ಟ್ರಕ್ಕು ಹೊರುತ್ತದೆ. ನನ್ನ ಪಾಲಿಗೆ ಉಳಿಯುವುದು ಕ್ರಮ ತಪ್ಪದಂತೆ ನೋಡಿಕೊಳ್ಳುವ ಕೆಲಸ. ಕ್ರಮ ಕಾಯಲು ಒಂದು ತಲೆ ಸಾಕು. ಎರಡು ತಲೆ ಸೇರಿದರೆ ಕ್ರಮ ಕೆಡುತ್ತದೆ.

ಹೀಗೆ ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಹತ್ತು ವರ್ಷದ ಹಿಂದೆ ಒಂದು ಭಾನುವಾರ ಸಂಜೆ ನಾವು ಇಬ್ಬರಿದ್ದೆವು. ಗೆಳೆಯ ಟ್ರಕ್ಕಿನಲ್ಲಿ ಕೂತಿದ್ದ, ನಾನು ಬೋಟಿನ ಮೂತಿಯ ಹತ್ತಿರ ನಿಂತಿದ್ದೆ. ಬೋಟು ಟ್ರೇಲರಿನ ಹಲಗೆಗಳ ಮೇಲೆ ಬಂದು ಕೂತಿತ್ತು. ವಿಂಚಿನ ಪಟ್ಟಿಯ ಕೊಕ್ಕೆ ಇನ್ನೂ ನನ್ನ ಕೈಯಲ್ಲೇ ಇತ್ತು. ಗಾಳಿ ಜೋರಾಗಿತ್ತು, ಪಕ್ಕದ ಸಾಲಿನಲ್ಲಿ ಯಾರದೋ ಎಂಜಿನ್ ಗುರುಗುಡುತ್ತಿತ್ತು. ಟ್ರಕ್ಕಿನ ಬ್ರೇಕ್ ದೀಪ ಆರಿದ್ದು ಕಂಡು "ಹೋಗ್ಬೇಡ! ಹೋಗ್ಬೇಡ!" ಎಂದು ಕಿರುಚಿದೆ. ಅವನ ಕಿವಿಗೆ ಬಿದ್ದದ್ದು "ಹೋಗ್" ಅಷ್ಟೇ. ಹೋದ. ಟ್ರೇಲರು ನೀರಿಗೆ ಇಳಿಯುವ ಕಾಂಕ್ರೀಟಿನ ಇಳಿಜಾರು ಅಂದರೆ ರ‍್ಯಾಂಪು ಹತ್ತಿತು, ಬೋಟು ಹಲಗೆಗೆ ಹೊದಿಸಿದ ಒದ್ದೆ ಕಾರ್ಪೆಟ್ಟಿನ ಮೇಲೆ ಹಿಂದಕ್ಕೆ ಜಾರಿತು. ಹಿಂಭಾಗ ಕಾಂಕ್ರೀಟಿಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಪ್ರೊಪೆಲ್ಲರಿನ ಮೂರು ಎಲೆಗಳಲ್ಲಿ ಎರಡು ಮಡಚಿಕೊಂಡಿದ್ದವು, ತಳದ ಫೈಬರು ಒಂದು ಮೊಳದಷ್ಟು ಸೀಳಿತ್ತು. "ನೀನೇ ಹೋಗು ಅಂದ್ಯಲ್ಲೋ" ಎಂದ ಗೆಳೆಯ. ಅವನ ತಪ್ಪೇನಿತ್ತು? ಕೊಕ್ಕೆ ಸಿಕ್ಕಿಸಿದ್ದೇನೋ ಇಲ್ಲವೋ ಅವನಿಗೆ ಕಾಣುತ್ತಿರಲಿಲ್ಲ, ನನಗೆ ಬ್ರೇಕು ಸಿಗುತ್ತಿರಲಿಲ್ಲ. ಅರ್ಧ ಕೆಲಸ ಅವನ ತಲೆಯಲ್ಲಿ, ಅರ್ಧ ನನ್ನ ತಲೆಯಲ್ಲಿ. ನಡುವಿನ ಇಪ್ಪತ್ತೈದು ಅಡಿಯಲ್ಲಿ ಬೋಟು ಬಿತ್ತು.

ಮುಂದಿನ ವರ್ಷದಿಂದ ಒಬ್ಬನೇ ಕಲಿತೆ. ದಡದಲ್ಲಿ ಕಟ್ಟೆಯಂತೆ ಚಾಚಿರುವ ಡಾಕಿಗೆ ಮೊದಲು ಎರಡು ಹಗ್ಗ ಹಾಕಿ ಬೋಟು ಕಟ್ಟುತ್ತೇನೆ. ಗಾಳಿ ಬೋಟನ್ನು ಡಾಕಿನಿಂದ ಆಚೆಗೆ ತಳ್ಳದ ಬದಿಯನ್ನೇ ಆರಿಸಿಕೊಳ್ಳುತ್ತೇನೆ, ಅದು ಖಾಲಿಯಾಗುವವರೆಗೆ ಕಾಯಬೇಕಾದರೂ ಸರಿ. ಆಮೇಲೆ ಟ್ರಕ್ಕು. ಸ್ಟೀರಿಂಗಿನ ತಳಭಾಗವನ್ನು ಹಿಡಿದು ಹಿಂದಕ್ಕೆ ಬಿಟ್ಟರೆ ಕೈ ಹೋದ ಕಡೆಗೇ ಟ್ರೇಲರಿನ ಬಾಲ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ರೇಲರು ಎಷ್ಟು ಮುಳುಗಬೇಕು ಎಂಬುದೇ ಇಡೀ ವಿದ್ಯೆಯ ಗುಟ್ಟು. ಹೆಚ್ಚು ಮುಳುಗಿಸಿದರೆ ಬೋಟು ಹಲಗೆಯ ಮೇಲೆ ತೇಲಾಡುತ್ತಲೇ ಇದ್ದು ಓರೆಯಾಗಿ ಕೂರುತ್ತದೆ. ಕಡಿಮೆಯಾದರೆ ವಿಂಚು ತಿರುಗಿಸಿ ಭುಜ ಹೋಗುತ್ತದೆ. ನನ್ನ ಟ್ರೇಲರಿಗೆ ಮಡ್‌ಗಾರ್ಡಿನ ನೆತ್ತಿ ನೀರಿಗೆ ಸರಿಸಮ ಬಂದರೆ ಸರಿಯಾಗುತ್ತದೆ. ಎರಡು ಬದಿಯ ದಾರಿಗಂಬಗಳಿಗೆ ಆ ಮಟ್ಟದಲ್ಲಿ ಹಳದಿ ಟೇಪು ಸುತ್ತಿದ್ದೇನೆ. ಕನ್ನಡಿಯಲ್ಲಿ ಟೇಪು ನೀರು ಮುಟ್ಟಿದ್ದು ಕಂಡ ಕೂಡಲೇ ನಿಲ್ಲಿಸಿ, ಗೇರು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಇಳಿಯುತ್ತೇನೆ.

ಇನ್ನು ಬೋಟು. ಎಂಜಿನ್ ಹಾಕಿ ರಭಸದಿಂದ ಟ್ರೇಲರಿಗೆ ಏರಿಸುವುದು ಸುಲಭ, ಆದರೆ ಆ ಪ್ರೊಪೆಲ್ಲರಿನ ನೀರಿನ ಸೆಳೆತಕ್ಕೆ ಕಾಂಕ್ರೀಟು ಮುಗಿದ ಜಾಗದಲ್ಲಿ ಗುಂಡಿ ಬೀಳುತ್ತದೆ. ಮುಂದೆ ಬರುವವರ ಟ್ರೇಲರಿನ ಚಕ್ರ ಅದರಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ. ಎಷ್ಟೋ ರ‍್ಯಾಂಪುಗಳಲ್ಲಿ ಅದಕ್ಕೆ ನಿಷೇಧವಿದೆ, ಇರಲೇಬೇಕು. ನಾನು ಮೂತಿಗೊಂದು, ಹಿಂಬದಿಗೊಂದು ಉದ್ದ ಹಗ್ಗ ಹಿಡಿದು ಡಾಕಿನ ಮೇಲೆ ನಡೆಯುತ್ತ, ಎಮ್ಮೆಯನ್ನು ಕೊಟ್ಟಿಗೆಗೆ ಕರೆದೊಯ್ದ ಹಾಗೆ ಬೋಟನ್ನು ಟ್ರೇಲರಿಗೆ ನಡೆಸಿಕೊಂಡು ಹೋಗುತ್ತೇನೆ. ಮೂತಿ ಕಂಬಗಳ ನಡುವೆ ಸೇರಿತೋ, ಟ್ರೇಲರಿನ ಮೂಕಿಯ ಮೇಲೆ ಕಾಲಿಡಲು ಹಾಕಿಸಿದ ಹಲಗೆ ಹತ್ತಿ ಕೊಕ್ಕೆ ಸಿಕ್ಕಿಸಿ, ವಿಂಚು ತಿರುಗಿಸಿ, ಸರಪಳಿ ಹಾಕುತ್ತೇನೆ. ಸರಪಳಿಯನ್ನು ಕೈಯಾರೆ ಒಮ್ಮೆ ಜಗ್ಗಿ ನೋಡದೆ ಟ್ರಕ್ಕು ಹತ್ತುವುದಿಲ್ಲ. ಸರಪಳಿ ಜಗ್ಗಿದ ಕೈಯೇ ಬ್ರೇಕು ಬಿಡುವ ಕೈ. ನಾನು ಹೇಳುತ್ತಿರುವುದು ಇದನ್ನೇ. "ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂದ ಹಿರಿಯರು ಬೋಟು ಕಂಡಿದ್ದರೋ ಇಲ್ಲವೋ, ಮಾತು ಮಾತ್ರ ರ‍್ಯಾಂಪಿಗೆ ಹೇಳಿ ಮಾಡಿಸಿದ ಹಾಗಿದೆ.

ಮೇಲೆ ಬಂದ ಮೇಲೂ ಅದೇ ಕ್ರಮ. ಡ್ರೈನ್ ಪ್ಲಗ್ ಬಿಚ್ಚಿ ತಳದ ನೀರು ಬಿಡಬೇಕು. ಮಿಶಿಗನ್‌ನಲ್ಲಿ 2019ರ ಮಾರ್ಚಿನಿಂದ ಇದು ಕಾನೂನು. ಜೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಉತ್ತರ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೇಂಟ್ ಕ್ಲೇರ್‌ನಲ್ಲೇ, 1988ರಲ್ಲಿ. ಬೋಟುಗಳ ನೀರಿನ ಜೊತೆ ಅದು ಊರೂರು ತಿರುಗಿತು. ಬಿಚ್ಚಿದ ಪ್ಲಗ್ ನನ್ನ ಟ್ರಕ್ಕಿನ ಕೀಲಿಗೊಂಚಲಿಗೆ ಸೇರುತ್ತದೆ. ಹಾಗಾಗಿ ಮುಂದಿನ ಸಲ ಅದನ್ನು ಹಾಕದೆ ಬೋಟನ್ನು ನೀರಿಗೆ ಬಿಡುವ ಪ್ರಶ್ನೆಯೇ ಇಲ್ಲ. ಇಬ್ಬರಿದ್ದ ಕಾಲದಲ್ಲಿ "ನೀನು ಹಾಕಿದ್ಯಾ?" "ನೀನು ಹಾಕಿದ್ದಿ ಅಂದ್ಕೊಂಡೆ" ಎಂಬ ಮಾತು ಎರಡು ಸಲ ನಡೆದಿದೆ. ಹಿಂಬದಿಯ ಎರಡು ಬೆಲ್ಟು ಬಿಗಿದು, ದೀಪ ನೋಡಿ, ಹೊರಡುತ್ತೇನೆ. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿದ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಗುಂಬಕ್ಕೆ ಅಂಗೈ ಹತ್ತಿರ ಹಿಡಿಯುತ್ತೇನೆ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಬೇರಿಂಗು ಹೋಗುವ ದಾರಿಯಲ್ಲಿದೆ ಅಂತ ಅರ್ಥ. ಬಿಸಿ ಬೇರಿಂಗು ತಣ್ಣೀರಿಗೆ ಇಳಿದರೆ ಒಳಗೆ ನೀರು ಎಳೆದುಕೊಳ್ಳುತ್ತದೆ, ಗ್ರೀಸು ಹಾಳಾಗುತ್ತದೆ. ಅದಕ್ಕೇ ಇಳಿಸುವ ಮೊದಲು ಹತ್ತು ನಿಮಿಷ ಆರಲು ಬಿಡುತ್ತೇನೆ.

ಬಿದ್ದರೆ ಗತಿಯೇನು ಎಂದು ಕೇಳುತ್ತಾರೆ. ಲೈಫ್ ಜಾಕೆಟ್ ಮೈಮೇಲೇ ಇರುತ್ತದೆ. 26 ಅಡಿಗಿಂತ ಚಿಕ್ಕ ಬೋಟನ್ನು ವೇಗವಾಗಿ ಓಡಿಸುವವರು ಬಿದ್ದ ಕೂಡಲೇ ಎಂಜಿನ್ ನಿಲ್ಲಿಸುವ ದಾರವನ್ನು ಕಟ್ಟಿಕೊಳ್ಳಲೇಬೇಕೆಂದು 2021ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಕಾನೂನು ಬಂದಿದೆ. ನನ್ನ ಬೋಟು ಸರಿಯಾಗಿ 26, ಕಾನೂನಿನಿಂದ ಹೊರಗೆ. ಆದರೂ ಕಟ್ಟುತ್ತೇನೆ. ಅಷ್ಟು ಸಾಕು. ಜೊತೆ ಬೇಕು, ಜೊತೆ ಬೇಕು ಎನ್ನುವವರು ಹೇಳುವುದನ್ನು ಕೇಳಿದರೆ ಬೋಟು ಇಳಿಸಲು ದಿಬ್ಬಣವೇ ಹೊರಡಬೇಕು ಅನಿಸುತ್ತದೆ. ನನ್ನ ಹೆಂಡತಿಗೆ ರಾತ್ರಿ ಪಾಳಿ, ಮಕ್ಕಳು ಶಿಕಾಗೋದಲ್ಲಿದ್ದಾರೆ, ಗೆಳೆಯರಿಗೆ ಶನಿವಾರವೇ ಆಗಬೇಕು. ವಾಲೈ ಮೀನು ಶನಿವಾರ ನೋಡಿ ಕಚ್ಚುವುದಿಲ್ಲ. ಸರಾಸರಿ ಹನ್ನೊಂದು ಅಡಿ ಆಳದ ಈ ಸರೋವರದಲ್ಲಿ ಮಧ್ಯಾಹ್ನದ ಗಾಳಿಗೆ ನೋಡನೋಡುತ್ತ ಅಲೆ ಏಳುತ್ತದೆ. ಬೆಳಗಿನ ಐದರಿಂದ ಹತ್ತು ಗಂಟೆಯೇ ನಮ್ಮ ಹೊತ್ತು. ಮಂಗಳವಾರ ಬೆಳಗಿನ ಐದಕ್ಕೆ ನಾನೊಬ್ಬನೇ ಇರುತ್ತೇನೆ. ಜೊತೆ ಸಿಗುವವರೆಗೆ ಕಾದವರ ಬೋಟುಗಳು ಟಾರ್ಪಾಲಿನ ಕೆಳಗೆ ಬೇಸಿಗೆ ಕಳೆಯುವುದನ್ನು ನಮ್ಮ ಬೀದಿಯಲ್ಲೇ ಮೂರು ಮನೆಯ ಮುಂದೆ ನೋಡುತ್ತಿದ್ದೇನೆ.

ವಿರೋಧ: ಹಗ್ಗದ ಇನ್ನೊಂದು ತುದಿ

ನನಗೆ ವಿರೋಧದ ಪಕ್ಷ ಬರೆಯಲು ಹೇಳಿದರು, ಒಪ್ಪಿಕೊಂಡೆ. ಆದರೆ ಒಂದು ವಿಷಯ ಮೊದಲೇ ತಿಳಿಸುವುದು ನ್ಯಾಯ. ನಾನೂ ನಮ್ಮ 24 ಅಡಿಯ ಬೋಟನ್ನು ಎಷ್ಟೋ ಸಲ ಒಬ್ಬಳೇ ಏರಿಸಿದ್ದೇನೆ. ಅದು ಆಗದ ಕೆಲಸ ಎಂದು ಬರೆದರೆ ಸುಳ್ಳಾಗುತ್ತದೆ. ಎಳೆಯುವ ವಿಷಯದಲ್ಲಂತೂ ನನ್ನ ತಕರಾರು ಕಡಿಮೆ. ಟ್ರೇಲರಿನ ಬ್ರೇಕು ಸರಿಯಿದ್ದು, ಮೂಕಿಯ ಮೇಲೆ ಸಾಕಷ್ಟು ಭಾರ ಬಿದ್ದಿದ್ದರೆ ಒಬ್ಬರೇ ಓಡಿಸಬಹುದು. ಹಿಂಭಾರ ಹೆಚ್ಚಾದರೆ ಟ್ರೇಲರು ಹಾವಿನಂತೆ ಓಲಾಡುತ್ತದೆ, ಆಗ ಪಕ್ಕದಲ್ಲಿ ಯಾರು ಕೂತಿದ್ದರೂ ಉಪಯೋಗವಿಲ್ಲ. ನನ್ನ ಆಕ್ಷೇಪ ಇರುವುದು ರ‍್ಯಾಂಪಿನ ಕೊನೆಯ ಹತ್ತು ಅಡಿಯ ಬಗ್ಗೆ.

ಸರೋವರದವರಿಗೆ ಗೊತ್ತಿಲ್ಲದ ಒಂದು ಸಂಗತಿ ನಮ್ಮಲ್ಲಿದೆ: ಉಬ್ಬರವಿಳಿತ. ಎವರೆಟ್‌ನಲ್ಲಿ ಹದಿಮೂರು ಸಾಲುಗಳ ರ‍್ಯಾಂಪಿದೆ, ಸೌಕರ್ಯಕ್ಕೆ ಕೊರತೆಯಿಲ್ಲ. ಆದರೆ ಪ್ಯೂಜೆಟ್ ಸೌಂಡ್ ಎಂಬ ಇಲ್ಲಿಯ ಕಡಲ ಕೊಲ್ಲಿಯ ನೀರು ದಿನಕ್ಕೆ ಎರಡು ಸಲ ಏರಿಳಿಯುತ್ತದೆ, ಹತ್ತು ಅಡಿಗಿಂತ ಹೆಚ್ಚು ಇಳಿಯುವ ದಿನಗಳೂ ಇವೆ. ಬೆಳಗ್ಗೆ ನೀರಿನಡಿ ಇದ್ದ ಕಾಂಕ್ರೀಟು ಸಂಜೆ ನೀವು ವಾಪಸು ಬರುವಾಗ ಹೊರಗೆ ಬಂದಿರುತ್ತದೆ, ಮೈತುಂಬ ಹಸಿರು ಪಾಚಿ ಹೊತ್ತು. ಕ್ರಮ, ಪಟ್ಟಿ, ಟೇಪು ಎನ್ನುವವರು ಹಠಕ್ಕೆ ಬಿದ್ದವರು. ಅವರ ಪಟ್ಟಿಯಲ್ಲಿ ಪಾಚಿಗೆ ಜಾಗವಿಲ್ಲ.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ, ಇಳಿತದ ಹೊತ್ತಿಗೆ, ಒಬ್ಬಳೇ ಬಂದೆ. ಟ್ರೇಲರು ಇಳಿಸಿ, ಮೂತಿಯ ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು, ಕೊಕ್ಕೆ ಹಾಕಲು ರ‍್ಯಾಂಪಿನ ಮೇಲೆ ಹೆಜ್ಜೆ ಇಟ್ಟೆ. ಎರಡನೇ ಹೆಜ್ಜೆಗೆ ಕಾಲು ಹೋಯಿತು. ಬಲಗೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಹಾದುಹೋದ ಬೋಟಿನ ಅಲೆಗೆ ನನ್ನ ಬೋಟು ಹಿಂದೆ ಸರಿಯಿತು. ಎಡಗೈಯ ಹಗ್ಗ ಬಿಗಿಯಿತು. ಬಿಡಿಸಿಕೊಳ್ಳಲು ಬಲಗೈ ಬೇಕು, ಬಲಗೈ ಮೇಲೆತ್ತಲು ಆಗುತ್ತಿಲ್ಲ. ಸೊಂಟದವರೆಗೆ ನೀರಿನಲ್ಲಿ, ನನಗಿಂತ ಹತ್ತಾರು ಪಾಲು ಭಾರದ ಬೋಟು ನನ್ನನ್ನು ಎಳೆಯುತ್ತಿತ್ತು. ಫೋನು ಬೋಟಿನೊಳಗೆ, ಹಾಲ್ಡರಿನಲ್ಲಿ. ಕೂಗಿದೆ. ಬಾಯಿಗೆ ಬಂದದ್ದು "ಅಮ್ಮಾ" ಅಂತ. ಮೂರನೇ ಸಾಲಿನಲ್ಲಿ ಟ್ರಕ್ಕು ತೊಳೆಯುತ್ತಿದ್ದ ಒಬ್ಬರು ಓಡಿ ಬಂದು ಮೊದಲು ಬೋಟು ತಳ್ಳಿ ಹಗ್ಗ ಸಡಿಲ ಮಾಡಿದರು, ಆಮೇಲೆ ನನ್ನನ್ನು ಎತ್ತಿದರು. ಬೋಟನ್ನು ಏರಿಸಿ, ಟ್ರಕ್ಕು ಮೇಲೆ ತಂದು ನಿಲ್ಲಿಸಿಕೊಟ್ಟವರೂ ಅವರೇ. ಅವರ ಹೆಸರು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ದಿನದ ಮಟ್ಟಿಗೆ ನಾನು ಒಬ್ಬಳೇ ಏರಿಸಿದೆ ಎಂದು ಹೇಳಲು ಬರುವುದಿಲ್ಲ.

ಮುಂದಿನ ಬೇಸಿಗೆಗೆ ಗಂಗೊಳ್ಳಿಯಿಂದ ಮಾವ ಬಂದರು. ಬದುಕಿಡೀ ಮೀನುಗಾರಿಕೆಯಲ್ಲಿದ್ದವರು. ಅವರ ಕಡೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಮರಳಿನ ಮೇಲೆ ಎಳೆದು ಹಾಕುವಾಗ ಇಡೀ ಕೇರಿಯೇ ಹಗ್ಗಕ್ಕೆ ಕೈ ಹಚ್ಚುತ್ತಿತ್ತಂತೆ, "ಐಲೇಸಾ" ಎಂದು ಒಬ್ಬ ಹೇಳಿಕೊಟ್ಟ ಉಸಿರಿಗೆ ಎಲ್ಲರೂ ಎಳೆಯುತ್ತಿದ್ದರಂತೆ. ಕೂಗಾಟದಲ್ಲಿ ಮಾತು ತಪ್ಪಾಗಿ ಕೇಳುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹೇಳಿಕೊಡುವವರು ಒಬ್ಬರೇ ಆಗಿರಲಿ. ನನ್ನ ಕಥೆ ಕೇಳಿ ಮಾವ ಬೈಯಲಿಲ್ಲ. ಡಾಕಿನ ಮೇಲೆ ನಿಂತು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ಕಬ್ಬಿಣದ ಗೂಟಕ್ಕೆ ಒಂದೇ ಸುತ್ತು ಹಾಕಿ, ತುದಿಯನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿದರು. ಬೋಟು ಎಳೆದಾಗ ಗೂಟವೇ ಎಳೆತ ತಿಂದಿತು, ಅವರ ಬೆರಳು ಅಲುಗಲಿಲ್ಲ. ಸಡಿಲ ಬೇಕಾದಾಗ ಇಷ್ಟಿಷ್ಟೇ ಬಿಟ್ಟರು. "ಕೈಗ್ ಸುತ್ಕಂಬುಕಾಗ ಮಗಾ, ಗೂಟಕ್ಕ್ ಸುತ್ತ್" ಎಂದರು. ಆ ಬೇಸಿಗೆ ಪೂರ್ತಿ ಹಗ್ಗದ ಆ ತುದಿಯಲ್ಲಿ ಅವರೇ ಇದ್ದರು. ನಾನು ಟ್ರೇಲರಿನ ಹತ್ತಿರ ಎರಡು ಕೈಯೂ ಖಾಲಿ ಇಟ್ಟುಕೊಂಡು ಹೆಜ್ಜೆ ನೋಡಿ ಇಳಿಯುತ್ತಿದ್ದೆ. ಏನಾದರೂ ಬರೆಯಬೇಕೆಂದರೆ ನನಗೆ ಬರೆಯಲು ಇರುವುದು ಇದೇ.

ಅಕ್ಟೋಬರಿನಲ್ಲಿ ಮಾವ ಊರಿಗೆ ಹಿಂತಿರುಗಿದರು. ಈ ವರ್ಷ ಗಂಡ ಜೊತೆಗೆ ಇಲ್ಲದ ದಿನ ಬೋಟನ್ನು ಡಾಕಿಗೆ ಕಟ್ಟಿ ಅಲ್ಲೇ ಕೂರುತ್ತೇನೆ. ಹದಿಮೂರು ಸಾಲಿನಲ್ಲಿ ಯಾರಾದರೂ ಬಂದೇ ಬರುತ್ತಾರೆ. ಐದು ನಿಮಿಷ ಹಗ್ಗ ಹಿಡಿಯುತ್ತೀರಾ ಎಂದು ಕೇಳುತ್ತೇನೆ. ಇದುವರೆಗೆ ಇಲ್ಲ ಎಂದವರಿಲ್ಲ. ಕೊಡುವ ಮುಂಚೆ ಗೂಟಕ್ಕೆ ಒಂದು ಸುತ್ತು ನಾನೇ ಹಾಕಿರುತ್ತೇನೆ.