ನೊರೆ ಹಿಡಿಯುವ ಬಲೆ

ಕೆರೆ ಕೇಸು ಮತ್ತೆ ಮುಂದಕ್ಕೆ ಹೋಗಿದೆ. ಯಾವ ಕೆರೆ ಅಂತ ಕೇಳಬೇಡಿ, ಯಾವ ಹೆಸರು ಸೇರಿಸಿದರೂ ಸುದ್ದಿ ಸರಿಹೋಗುತ್ತದೆ. ‘ವಸ್ತುಸ್ಥಿತಿ ವರದಿ ಸಲ್ಲಿಸಲು ಸರ್ಕಾರಕ್ಕೆ ಕಾಲಾವಕಾಶ’ ಎಂಬ ಶೀರ್ಷಿಕೆಯನ್ನು ಪತ್ರಿಕೆಯವರು ಮೊದಲೇ ಮಾಡಿಟ್ಟುಕೊಂಡಿರಬೇಕು.

ಈ ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವ ವಕೀಲರಿಗೆ ಬೇರೆ ಕೆಲಸವಿಲ್ಲವೇ? ನೀರಿಗೆ ಕೊಳಚೆ ಬಿಡಬಾರದು ಅಂತ 1974ರ ಕಾಯ್ದೆಯಲ್ಲೇ ಇದೆ. ನೋಡಿಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಮಂಡಳಿಗೆ ಅಧ್ಯಕ್ಷರಿದ್ದಾರೆ, ಅಧ್ಯಕ್ಷರಿಗೆ ಕಾರಿದೆ. ಇಷ್ಟಿದ್ದೂ, ಸಂಬಳದವರಿಗೆ ‘ನಿಮ್ಮ ಕೆಲಸ ಮಾಡಿ’ ಅಂತ ಹೇಳಿಸಲು ಬಿಟ್ಟಿ ವಾದಿಸುವ ವಕೀಲರೊಬ್ಬರು ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಎದುರಿಗೆ ನಮ್ಮದೇ ತೆರಿಗೆಯಲ್ಲಿ ಫೀಸು ಪಡೆದವರು ಎದ್ದು ‘ಟೈಮ್ ಬೇಕು ಸ್ವಾಮಿ’ ಅನ್ನುತ್ತಾರೆ.

ಬೆಂಗಳೂರಿನ ಕೆರೆಗಳನ್ನು ಉಳಿಸಿ ಎಂದು 2008ರಲ್ಲೇ ಹೈಕೋರ್ಟಿಗೆ ಅರ್ಜಿ ಬಿತ್ತು. ಆಮೇಲೆ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ ರಸ್ತೆಗೇ ಕಳಿಸಿತು. ಆಗ ನಮ್ಮ ಎಂಜಿನಿಯರುಗಳ ತಲೆ ನೋಡಬೇಕಿತ್ತು! ಕೊಳಚೆ ನಿಲ್ಲಿಸುವ ಗೋಜಿಗೆ ಹೋಗದೆ ರಸ್ತೆ ಪಕ್ಕಕ್ಕೆ ಬಲೆ ಕಟ್ಟಿದರು. ಮೀನಿಗೆ ಬಲೆ ಬೀಸುತ್ತಿದ್ದ ಕೆರೆಯಲ್ಲಿ ನೊರೆಗೆ ಬಲೆ. ನೊರೆಗೆ ಟೆಂಡರಿನ ಷರತ್ತು ಗೊತ್ತಿಲ್ಲ, ಗಾಳಿ ಬೀಸಿದರೆ ಬಲೆ ದಾಟಿ ಸ್ಕೂಟರಿನವನ ಹೆಲ್ಮೆಟ್ ಮೇಲೆ ಕೂರುತ್ತಿತ್ತು. ಅವನು ಒರೆಸಿಕೊಂಡು, ಬೈದುಕೊಂಡು, ಆಫೀಸಿಗೆ. 2018ರ ಜನವರಿಯಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದು, ಆರಿಸಲು ಸೈನಿಕರೇ ಬರಬೇಕಾಯಿತು. ಕೆರೆಯ ಬೆಂಕಿ ಆರಿಸುವ ಸೈನ್ಯ ಬೇರೆ ಯಾವ ದೇಶದಲ್ಲಿದೆ, ಹೇಳಿ?

ಆ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಯಾವ ಅಧಿಕಾರಿಯ ಪರ್ಸಿನಿಂದ? ಕೆರೆ ಕೆಡಿಸಿದ್ದು ಅವರು, ವಾಸನೆ ಕುಡಿದಿದ್ದು ನಾವು, ದಂಡವೂ ನಮ್ಮ ತಲೆಗೆ. ರಸೀದಿಯಾದರೂ ನಮ್ಮ ಹೆಸರಿಗೆ ಬರೆಯಬಹುದಿತ್ತು.

ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಕೆಳಗೆ ವರ್ತೂರು ಕಡೆ ಆ ನೀರಿನ ಪಕ್ಕದಲ್ಲೇ ಬದುಕುವ ಕೂಲಿಯವನಿಗೆ ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಬರಲು ಆಗುವುದಿಲ್ಲ. ಅವನ ಪರವಾಗಿ ಕರಿಕೋಟಿನವರೊಬ್ಬರು ಹೋದರೆ, ಅವರಿಗೆ ‘ಪ್ರಚಾರದ ಹುಚ್ಚು’, ಅವರು ‘ಅಭಿವೃದ್ಧಿ ವಿರೋಧಿ’. ಕೊಳಚೆ ಬಿಟ್ಟವನಿಗೆ ಮಾತ್ರ ನಾವು ಒಂದು ಬೈಗುಳವನ್ನೂ ಹುಡುಕಿಲ್ಲ. ಥೂ!

ಜಾರಿಯಾದ ಆದೇಶಗಳೇ ಇಲ್ಲ ಅಂತಲ್ಲ. 1991ರಲ್ಲಿ ಎಂ.ಸಿ. ಮೆಹ್ತಾ ಎಂಬ ವಕೀಲರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡು ತೋರಿಸಿ, ಶಾಲೆಗಳಲ್ಲಿ ಪರಿಸರ ಪಾಠ ಮಾಡಿ ಎಂದಿತ್ತು. ಸ್ಲೈಡು ಎಲ್ಲಿ ಹೋಯಿತೋ, ಪಾಠ ಉಳಿದಿದೆ. ಜೂನ್ 5ರ ಪರಿಸರ ದಿನಕ್ಕೆ ಚಿತ್ರಸ್ಪರ್ಧೆ ಇಟ್ಟರೆ, ಬೆಳ್ಳಂದೂರಿನ ಮಗುವೂ ಕೆರೆಗೆ ನೀಲಿ ಬಣ್ಣವನ್ನೇ ತುಂಬುತ್ತದೆ, ಬಿಳಿ ಬಳಿದರೆ ಮಾರ್ಕ್ಸ್ ಸಿಗಲ್ಲ. ಬಹುಮಾನ ಕೊಡಲು ಕಾರಿನಿಂದ ಇಳಿದು ಬರುವ ಮುಖ್ಯ ಅತಿಥಿಗಳು ಅದೇ ಕೆರೆ ಕೇಸಿನ ಮೂರನೇ ಪ್ರತಿವಾದಿ ಆಗಿರುತ್ತಾರೆ.