ಇಲ್ಲೇನೈತ್ರಿ ನೋಡೂದು?

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನು ಬರೆಯುವುದಿಲ್ಲ, ನಿಮಗೆ ಗೊತ್ತಲ್ಲ.

ಭಾನುವಾರ ಬಂದರೆ ನಾನು ರೇಯಿಸ್ ಮಾಗೋಸ್ ಕೋಟೆಗೆ ಹೋಗಿ ಕೂರುವುದು ನನ್ನ ಹಳೇ ಚಟ. ಹೊಸಬರಿಗೆ ಹೇಳುತ್ತೇನೆ: ಪಣಜಿಯಲ್ಲಿ ನಿಂತು ನೋಡಿದರೆ ಮಾಂಡವಿಯ ಆಚೆ ದಡದಲ್ಲಿ, ನದಿ ಇನ್ನೇನು ಸಮುದ್ರ ಸೇರಬೇಕು ಅನ್ನುವ ಕಡೆ, ಗುಡ್ಡದ ಮೇಲೊಂದು ಕೆಂಪು ಕಲ್ಲಿನ ಕೋಟೆ ಕಾಣುತ್ತದಲ್ಲ, ಅದೇ. ಇವತ್ತು ಅದರ ಬುಡದಲ್ಲಿ ಒಂದು ಟೆಂಪೊ ಟ್ರಾವೆಲರ್ ನಿಂತಿತ್ತು. ನಂಬರ್ ಪ್ಲೇಟ್ ನೋಡಿದೆ. ಕೆಎ-28. ನಮ್ಮ ವಿಜಯಪುರದ ಗಾಡಿ! ಹೊಟ್ಟೆಯೊಳಗೆ ಏನೋ ಖುಷಿ. ಪರಊರಲ್ಲಿ ಇರುವವರಿಗೆ ಮಾತ್ರ ಗೊತ್ತಾಗುವ ಖುಷಿ ಅದು.

ಖುಷಿ ಬಾಳಿದ್ದು ಅರ್ಧ ಗಂಟೆ ಮಾತ್ರ.

ದೊಡ್ಡ ಕುಟುಂಬ. ಅಜ್ಜಿಯಿಂದ ಹಿಡಿದು ಕೈಕೂಸಿನ ತನಕ ಎಲ್ಲರೂ ಇದ್ದರು. ಮೇಲೆ ಬಂದರು, ಏದುಸಿರು ಬಿಟ್ಟರು, ತೋಪಿನ ಮೇಲೆ ಹುಡುಗನನ್ನು ಕೂರಿಸಿ ಫೋಟೊ ತೆಗೆದರು. ಒಬ್ಬ ಪಡ್ಡೆ ಹುಡುಗ "ಸಿನಿಮಾದಾಗ ಬಂದದ್ದು ಇದೇ ಏನು?" ಅಂತ ಕೇಳಿದ. ಅಲ್ಲಪ್ಪ, ಅದು ಛಾಪೋರಾ ಕೋಟೆ ಅಂದೆ. ಅವನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಸುತ್ತ ಒಂದು ಸಲ ಕಣ್ಣು ಹಾಯಿಸಿ ತೀರ್ಪು ಕೊಟ್ಟರು: "ಇಲ್ಲೇನೈತ್ರಿ ನೋಡೂದು? ನಮ್ಮೂರಾಗ ಇದರಪ್ಪನಂಥಾ ಕೋಟಿ ಐತಿ. ನಡೀರಿ, ಬೀಚಿಗೆ ಹೋಗೂಣು."

ಬೆಂಗಳೂರಿನವರು ಅಂದಿದ್ದರೆ ಬಿಡುತ್ತಿದ್ದೆ. ಅವರು ಎಲ್ಲಿ ಹೋದರೂ ಮೊದಲು ಕಾಫಿ ಎಲ್ಲಿ ಸಿಗುತ್ತದೆ ಅಂತಲೇ ಕೇಳುವುದು. ಆದರೆ ವಿಜಯಪುರದವರು? ಈ ಕೋಟೆಯಲ್ಲಿ ನಿಂತು? "ನಮ್ಮೂರಾಗ" ಅಂದ ಬಾಯಲ್ಲೇ "ಇಲ್ಲೇನೈತಿ"?

ಸ್ವಾಮಿ, ಇದು ನಿಮ್ಮೂರಿನದೇ ಕೋಟೆ. 1493ರಲ್ಲಿ ಈ ಗುಡ್ಡದ ಮೇಲೆ ಕಾವಲು ಠಾಣೆ ಹಾಕಿದ್ದು ಬಿಜಾಪುರದ ಆದಿಲ್‌ಶಾಹಿಗಳು. ಆಗ ನಿಮ್ಮ ಗೋಳಗುಮ್ಮಟದ ಸುದ್ದಿಯೇ ಇರಲಿಲ್ಲ. ಅದು ಮುಗಿದಿದ್ದು 1656ರಲ್ಲಿ. ನದಿಯ ಬಾಯಿ ಇಲ್ಲಿ ಕಿರಿದು. ಹಡಗು ಯಾವುದೇ ಇರಲಿ, ಈ ಗುಡ್ಡದ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿಲ್ಲ. ಅದನ್ನು ಮೊದಲು ಗುರುತಿಸಿದ್ದು ಕಡಲೇ ಇಲ್ಲದ ಊರಿನ ದೊರೆಗಳು. ಮೂರು ಶಾಲೆ ಪುಸ್ತಕ ಓದಿದ ಯಾರಿಗಾದರೂ ಇದು ಮೈ ಜುಮ್ ಅನ್ನಿಸಬೇಕು, ಅಲ್ವಾ?

1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಬಂದು ಗೋವಾ ಹಿಡಿದ. ಅವನಿಗೆ ದಾರಿ ತೋರಿಸಿದ್ದು, ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮಯ್ಯ. ಕಳೆದುಕೊಂಡವರೂ ನಮ್ಮ ಕಡೆಯವರು, ಕೊಡಿಸಿದವನೂ ನಮ್ಮ ಕಡೆಯವನು. 1551ರಲ್ಲಿ ಪೋರ್ಚುಗೀಸರು ಆ ಠಾಣೆಯ ಜಾಗದಲ್ಲಿ ಕೋಟೆ ಕಟ್ಟಿಸಿದರು. ಲಿಸ್ಬನ್‌ನಿಂದ ಬಂದಿಳಿಯುವ ವೈಸ್‌ರಾಯ್‌ಗಳು, ವಾಪಸ್ ಹೊರಟ ವೈಸ್‌ರಾಯ್‌ಗಳು ಇಲ್ಲೇ ತಂಗುತ್ತಿದ್ದರಂತೆ. ಈಗ ನಾವು ನೋಡುವ ಗೋಡೆಗಳು ಬಹುಪಾಲು 1707ರ ಹೊತ್ತಿಗೆ ಮತ್ತೆ ಎಬ್ಬಿಸಿದವು. 1739ರಲ್ಲಿ ಮರಾಠರ ಕಡೆಯವರು ಈ ಕೋಟೆ ಇರುವ ಬಾರ್ದೇಜ್ ಸೀಮೆ ಪೂರ್ತಿ ನುಂಗಿದರು. ಇದು ಮತ್ತು ಅಗ್ವಾಡ ಕೋಟೆ, ಎರಡೇ ದಕ್ಕಲಿಲ್ಲ. ಆಮೇಲೆ ನೆಪೋಲಿಯನ್ ಹೆದರಿಕೆಯಲ್ಲಿ ಬ್ರಿಟಿಷ್ ಪಡೆ 1813ರವರೆಗೆ ಇಲ್ಲಿ ಬೀಡುಬಿಟ್ಟಿತ್ತು. ಆಮೇಲೆ ಜೈಲು. ಗೋವಾ ಬಿಡುಗಡೆಗೆ ಹೋರಾಡಿದವರನ್ನು ಇಲ್ಲಿ ಕೂಡಿಹಾಕಿದ್ದರು. 1961ರಲ್ಲಿ ಬಿಡುಗಡೆ ಆದಮೇಲೂ ಜೈಲಾಗಿಯೇ ಇತ್ತು, 1993ರ ತನಕ.

ಆದರೆ ಇಲ್ಲೇನೂ ಇಲ್ಲ. ನಡೀರಿ ಬೀಚಿಗೆ.

ನಾನು ಸುಮ್ನೆ ಇರಬೇಕಿತ್ತು, ಇರಲಿಲ್ಲ. ಹತ್ತಿರ ಹೋಗಿ ಅಂದೆ, "ಕಾಕಾ, ಇದು ನಮ್ಮ ಬಿಜಾಪುರದವರೇ ಶುರು ಮಾಡಿದ ಕೋಟಿ ರಿ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೌದೇನ್ರಿ?" ಅಂದರು. ಒಂದು ಗಳಿಗೆ ಯೋಚಿಸಿದರು. "ಹಂಗಿದ್ರ ನಮ್ಮ ಕಡಿ ಟಿಕೀಟ್ ಯಾಕ್ ತಗೊಂಡ್ರು?"

ನಗು ಬಂತು, ಒಪ್ಪುತ್ತೇನೆ. ಆದರೂ ಸಿಟ್ಟು ಇಳಿಯಲಿಲ್ಲ.

ಇನ್ನೊಂದು ಹೇಳಬೇಕು. ಕೋಟೆಯೊಳಗೆ ಹುಲ್ಲು ಕತ್ತರಿಸುತ್ತಿದ್ದ ಒಬ್ಬ ಹುಡುಗ, ಮಕ್ಕಳು ಗೋಡೆ ಹತ್ತಲು ಹೋದಾಗ "ಏ ತಮ್ಮಾ, ಅಲ್ಲಿ ಹತ್ತಬ್ಯಾಡ, ಜಾರತೈತಿ" ಅಂತ ಕೂಗಿದ. ಮಳೆ ಬಿಟ್ಟ ಹೊಸತು, ಕಲ್ಲೆಲ್ಲ ಪಾಚಿ. ಕೂಗಿದ್ದೇ ತಡ, ಇಡೀ ಕುಟುಂಬ ಅವನನ್ನು ಮುತ್ತಿಕೊಂಡಿತು. "ಯಾವೂರಪಾ ನಿಂದು?" ತಾಳಿಕೋಟಿ. "ಯಾರ ಪೈಕಿ?" ಅದೂ ಗೊತ್ತಾಯಿತು. ಆಮೇಲೆ ಉಳ್ಳಾಗಡ್ಡಿ ರೇಟು, ಕೆನಾಲಿಗೆ ನೀರು ಬಂತೋ ಇಲ್ಲವೋ, ತೊಗರಿ ಹೆಂಗೈತಿ. ಕೋಟೆಗೆ ಎರಡು ನಿಮಿಷ ಕೊಡದವರು ಉಳ್ಳಾಗಡ್ಡಿಗೆ ಎಷ್ಟು ಹೊತ್ತು ಕೊಟ್ಟರು ಅಂತೀರಿ. ಅಜ್ಜಿಯಂತೂ ಅವನ ಕೈಗೆ ಚಕ್ಕಲಿ ಪೊಟ್ಟಣ ತುರುಕಿ "ಊಟಕ್ಕ ಏನ್ ಮಾಡ್ತೀ ಮಗಾ ಇಲ್ಲಿ?" ಅಂತ ಕಣ್ಣು ಒರೆಸಿಕೊಂಡಿತು. ನನಗೂ ಅದೇ ಊರ ಕಡೆಯ ಮಾತು ಬರುತ್ತದೆ, ನನಗೆ ಯಾರೂ ಚಕ್ಕಲಿ ಕೊಡಲಿಲ್ಲ. ಇತಿಹಾಸ ಹೇಳುವವರಿಗೆ ಚಕ್ಕಲಿ ಸಿಗುವುದಿಲ್ಲ ಅಂತ ಕಾಣುತ್ತದೆ.

ಅಲ್ಲ, ಆ ಹುಡುಗ ತಾಳಿಕೋಟೆಯವನು ಅಂದಾಗ ನನಗೆ ಏನು ನೆನಪಾಯಿತು ಗೊತ್ತಾ? ಕೋಟೆಯ ಬುಡದಲ್ಲೇ ಒಂದು ಬಿಳಿ ಚರ್ಚಿದೆ. ಅದರೊಳಗೆ ದೋಮ್ ಲೂಯಿಸ್ ದೆ ಅತಾಯ್ದೆ ಅನ್ನುವ ವೈಸ್‌ರಾಯ್‌ನ ಸಮಾಧಿ ಕಲ್ಲಿದೆ. ಯಾರವನು? 1565ರ ತಾಳಿಕೋಟೆ ಕಾಳಗದಲ್ಲಿ ಗೆದ್ದವರಲ್ಲಿ ಒಬ್ಬ ಬಿಜಾಪುರದ ಅಲಿ ಆದಿಲ್‌ಶಾ ಅಲ್ವಾ, ಅವನು ಐದು ವರ್ಷ ಬಿಟ್ಟು 1570ರಲ್ಲಿ ಗೋವಾ ವಾಪಸ್ ಬೇಕು ಅಂತ ದಂಡು ಕಟ್ಟಿಕೊಂಡು ಬಂದ. ಲಕ್ಷ ಜನ ಅಂತ ಲೆಕ್ಕ ಹೇಳುತ್ತಾರೆ. ಒಳಗಿದ್ದವರು ಏಳು ಸಾವಿರ. ಹತ್ತು ತಿಂಗಳು ಮುತ್ತಿಗೆ. ಊರು ಬಿಟ್ಟುಕೊಡದೆ ಒಳಗೆ ಕೂತು ತಡೆದವನು ಈ ಅತಾಯ್ದೆ. ನಮ್ಮವರು ಬರಿಗೈಲಿ ವಾಪಸ್ ಹೋದರು. ನಮ್ಮ ಠಾಣೆಯ ಕಾಲಬುಡದಲ್ಲಿ ನಮ್ಮನ್ನು ಓಡಿಸಿದವನ ಕಲ್ಲು. ಇದಕ್ಕಿಂತ ಜಾಸ್ತಿ ಏನು ಇರಬೇಕಿತ್ತು ಕಾಕಾ, ರೋಪ್‌ವೇನಾ?

ಚರ್ಚಿನ ಮೆಟ್ಟಿಲ ಬದಿಯಲ್ಲಿ ಕಲ್ಲಿನ ಸಿಂಹಗಳಿವೆ. ವಿಜಯನಗರ ಶೈಲಿಯವು ಅಂತ ತಿಳಿದವರು ಹೇಳುತ್ತಾರೆ. ಚರ್ಚಿನ ಬಾಗಿಲಲ್ಲಿ ಹಂಪಿ ಕಡೆಯ ಸಿಂಹ! ಗುಂಪು ಅವುಗಳ ಪಕ್ಕದಲ್ಲೇ ಹತ್ತಿತು, ಪಕ್ಕದಲ್ಲೇ ಇಳಿಯಿತು. ಒಬ್ಬ ಮಾತ್ರ ನಿಂತ. ಚಪ್ಪಲಿಯೊಳಗೆ ಹೊಕ್ಕ ಕಲ್ಲು ಕೊಡವಲು ಸಿಂಹದ ತಲೆ ಹಿಡಿದುಕೊಂಡ.

ಹೆಂಡತಿಗೆ ಹೇಳಿದೆ. ಅವಳ ವಾದ ಏನಂದರೆ, "ಪಾಪ, ವರ್ಷಕ್ಕೊಮ್ಮೆ ರಜೆ ಹಾಕಿ ಬಂದಿರ್ತಾರೆ. ಸಮುದ್ರ ನೋಡದ ಮಕ್ಕಳು. ಅವರಿಗೆ ನಿಮ್ಮ 1493 ಯಾಕೆ ಬೇಕು?" ಸರಿ, ಮಕ್ಕಳಿಗೆ ಬೇಡ. ಬೀಚ್ ಎಲ್ಲೂ ಓಡಿಹೋಗುವುದಿಲ್ಲ, ಸಂಜೆ ತನಕ ಅಲ್ಲೇ ಇರುತ್ತದೆ. ಕೋಟೆಯ ಗೋಡೆಯ ಮೇಲೆ ನಿಂತರೆ ಸಮುದ್ರವೂ ಕಾಣುತ್ತದೆ, ನದಿಯೂ ಕಾಣುತ್ತದೆ. ಬೇಕಿದ್ದರೆ ಮಾಂಡವಿಯಲ್ಲಿ ತೇಲುವ ಕ್ಯಾಸಿನೊ ಹಡಗುಗಳೂ ಕಾಣುತ್ತವೆ. ಅವನ್ನು ಮಾತ್ರ ಗಂಡಸರೆಲ್ಲ ಫೋನಲ್ಲಿ ಝೂಮ್ ಮಾಡಿ ನೋಡಿದರು, ಅದನ್ನೂ ಹೇಳಿಬಿಡುತ್ತೇನೆ.

ಆಫೀಸಿನ ಗೆಳೆಯನದು ಇನ್ನೊಂದು ವರಸೆ. ಧಾರವಾಡದವನು, ಸ್ವಲ್ಪ ಓದಿಕೊಂಡವನು. "ಆದಿಲ್‌ಶಾಹಿಗಳು ಕನ್ನಡದವರೇನು? ದರ್ಬಾರಿನ ಭಾಷೆ ಪಾರ್ಸಿ. ಅವರ ಠಾಣೆ ಇದ್ದರೆ ನಿನಗೇನು ಬಂತು?" ಹೌದಪ್ಪ, ಪಾರ್ಸಿ. ಆದರೆ ಬಿಜಾಪುರದಿಂದ ಇಲ್ಲಿಗೆ ಕಾವಲಿಗೆ ಬಂದು, ಮಳೆಗಾಲ ಪೂರ್ತಿ ನೆನೆದು, ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ಸಿಪಾಯಿಗಳೆಲ್ಲ ಪಾರ್ಸಿಯಲ್ಲಿ ಬೈದುಕೊಂಡಿರುತ್ತಾರಾ? ನಾನು ಸುಲ್ತಾನನ ವಾರಸುದಾರ ಅಂತ ಎಲ್ಲಿ ಹೇಳಿದೆ? ನನಗೆ ಬೇಕಾದವನು ಆ ಸಿಪಾಯಿ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ ಅಂದರೆ, ಹೇಳುತ್ತೇನೆ. ಇಲ್ಲಿ ನಮ್ಮನ್ನು "ಘಾಂಟಿ" ಅಂತಾರೆ, ಘಟ್ಟದ ಆಚೆಯವರು ಅಂತ ಹೀಯಾಳಿಸಿ. ಎಲ್ಲರೂ ಅಲ್ಲ. ನನ್ನ ಪಕ್ಕದ ಮನೆಯವರು ಹಬ್ಬಕ್ಕೆ ಮೊದಲ ತಟ್ಟೆ ನಮಗೇ ಕಳಿಸುತ್ತಾರೆ. ಆದರೆ ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಮಗನ ಸ್ಕೂಲಿನ ಗೇಟಿನಲ್ಲಿ ಆ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ತರಕಾರಿ ಮಾರಲು ನಮ್ಮ ಜನ ಬಂದು ಎಷ್ಟು ಕಾಲವಾದರೂ ನಿನ್ನೆ ಬಂದವರೇ. ಮಗ ಒಂದು ದಿನ ಬಂದು "ಅಪ್ಪಾ, ನಾವು ಯಾವಾಗ ಬಂದ್ವಿ ಇಲ್ಲಿಗೆ?" ಅಂತ ಕೇಳಿದ. ನಾನು ಬ್ಯಾಂಕ್ ಟ್ರಾನ್ಸ್‌ಫರ್ ಆದ ವರ್ಷ ಹೇಳಬಹುದಿತ್ತು. ಮರುದಿನ ಈ ಕೋಟೆಗೆ ಕರೆದುಕೊಂಡು ಬಂದೆ. ಇದು ಮೊಂಡುತನ ಅಂತ ಗೊತ್ತು. ಮೊಂಡುತನವೇ.

ಅದಕ್ಕೇ ಬೇರೆ ಯಾರು "ಇಲ್ಲೇನಿದೆ" ಅಂದರೂ ತಡೆದುಕೊಳ್ಳುತ್ತೇನೆ. ಕೆಎ-28 ಅಂದರೆ ತಡೆಯಲಾರೆ.

ಇನ್ನೂ ಒಂದು ಉಳಿಯಿತು. ಗೋಡೆಯ ಮೇಲಿಂದ ಕೆಳಗೆ ಬಗ್ಗಿ ನೋಡಿದ ಕಾಕಾ, "ನದಿ ಚಲೋ ಐತಿ, ಯಾವುದ್ರಿ ಇದು?" ಅಂದರು. ಮಾಂಡವಿ ಅಂದೆ. ತಲೆ ಆಡಿಸಿದರು. ಅಂದರೆ ಮಹದಾಯಿ ಕಾಕಾ, ಅಂದೆ. ಆಗ ತಿರುಗಿದರು ನೋಡಿ! ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಲ್ಲಿ ಹುಟ್ಟಿ, ಗೋವಾಕ್ಕೆ ಇಳಿದು, ಈ ಕೋಟೆಯ ಮುಂದೆ ಕಡಲು ಸೇರುವ ನೀರು. ಇದಕ್ಕಾಗಿಯೇ ನರಗುಂದ, ನವಲಗುಂದದವರು ಅಷ್ಟು ವರ್ಷ ಬೀದಿಗೆ ಇಳಿದಿದ್ದು. 2018ರಲ್ಲಿ ನ್ಯಾಯಮಂಡಳಿ ನಮ್ಮ ಪಾಲಿಗೆ 13.42 ಟಿಎಂಸಿ ಅಂತ ಹೇಳಿದ್ದು. ಕಾಕಾ ಗೋಡೆ ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದರು. "ಇಷ್ಟೊಂದು ನೀರು ಸಮುದ್ರಕ್ಕ ಹೊಂಟೈತಿ" ಅಂದರು. ಗೋವಾದವರ ಮುಂದೆ ಈ ಮಾತು ಆಡಬೇಡಿ, ಜಗಳ ಆಗುತ್ತದೆ ಅಂದೆ. ಇತಿಹಾಸಕ್ಕೆ ಅಲುಗದವರು ನೀರಿಗೆ ಅಲುಗಿದರು. ನನಗೆ ಅದಕ್ಕೂ ಸಿಟ್ಟು ಬಂತು ಅಂದರೆ ನೀವು ನಂಬಬೇಕು. ಒಂದು ಗಂಟೆ ಮುಂಚೆಯೇ ನೋಡಬಹುದಿತ್ತಲ್ಲ!

ಆಮೇಲೆ ಅವರು ಹೊರಟರು. ಬಾಗಿಲ ಹತ್ತಿರ ಮೇಲೊಂದು ಕಂಡಿ ಇದೆ, ನುಗ್ಗಿ ಬಂದ ಶತ್ರುವಿನ ತಲೆಯ ಮೇಲೆ ಕುದಿಯುವ ಎಣ್ಣೆ ಸುರಿಯಲು ಮಾಡಿದ್ದು. ಅದನ್ನೂ ಯಾರೂ ನೋಡಲಿಲ್ಲ. ಎಣ್ಣೆ ಇಲ್ಲದ್ದು ಅವರ ಪುಣ್ಯ. ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡರ ಚಿತ್ರಗಳಿರುವ ಕೋಣೆಗೂ ಹೋಗಲಿಲ್ಲ. ರಿಪೇರಿ ಮುಗಿದು 2012ರಲ್ಲಿ ಕೋಟೆಯ ಬಾಗಿಲು ತೆರೆದಾಗ ಮಾರಿಯೊ ತೀರಿಹೋಗಿ ಕೆಲವೇ ತಿಂಗಳಾಗಿತ್ತು. ಅವರ ಗೆರೆಯಲ್ಲಿ ಬರುವ ಡೊಳ್ಳುಹೊಟ್ಟೆಯ ಸಾಹೇಬರು, ಕೊಡೆ ಹಿಡಿದ ಪಾದ್ರಿಗಳನ್ನು ನೋಡಿದ್ದರೆ ಆ ಅಜ್ಜಿ ಖಂಡಿತ ನಕ್ಕಿರುತ್ತಿತ್ತು.

ಊರಿಂದ ಯಾರಾದರೂ ಬರುವವರಿದ್ದರೆ ಫೋನ್ ಮಾಡಿ, ನಾನೇ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ದುಡ್ಡೂ ನನ್ನದೇ. ಷರತ್ತು ಒಂದೇ: ಮೊದಲ ಅರ್ಧ ಗಂಟೆ ಆ ಪ್ರಶ್ನೆ ಕೇಳುವಂತಿಲ್ಲ. ಇನ್ನು ಇಷ್ಟೆಲ್ಲ ಓದಿ ಕಾಮೆಂಟಿನಲ್ಲಿ "ಸರ್, ಅಲ್ಲಿಂದ ಕಲಂಗೂಟ್ ಬೀಚ್ ಎಷ್ಟು ದೂರ?" ಅಂತ ಕೇಳುವವರಿಗೆ: ಗೂಗಲ್ ಮಾಡಿಕೊಳ್ಳಿ. ನಾನು ಹೇಳುವುದಿಲ್ಲ.