ಸೆರೆಮನೆಯ ಅಧ್ಯಾತ್ಮ ಅನ್ಯಾಯವನ್ನು ಎದುರಿಸೀತೇ?

ಪರ

ಸೆರೆಮನೆಯಲ್ಲಿ ದೇವರ ಕಡೆಗೆ ತಿರುಗಿದವರೆಲ್ಲ ಅನ್ಯಾಯಕ್ಕೆ ಬೆನ್ನು ತಿರುಗಿಸಿದರು ಎಂಬ ಆಕ್ಷೇಪ ಬಾಲಗಂಗಾಧರ ತಿಲಕರ ಮುಂದೆ ನಿಲ್ಲುವುದಿಲ್ಲ. ರಾಜದ್ರೋಹದ ಆರೋಪದ ಮೇಲೆ 1908ರಲ್ಲಿ ಆರು ವರ್ಷಗಳ ಶಿಕ್ಷೆಗೊಳಗಾಗಿ ಬರ್ಮಾದ ಮಂಡಾಲೆ ಸೇರಿದ ಅವರು, 1910–11ರ ಚಳಿಗಾಲದಲ್ಲಿ ಪೆನ್ಸಿಲ್ಲಿನಿಂದ ಬರೆದ ‘ಗೀತಾರಹಸ್ಯ’ದಲ್ಲಿ, ಗೀತೆಯ ತಿರುಳು ಸಂನ್ಯಾಸವಲ್ಲ, ಕರ್ಮಯೋಗವೆಂದು ಸಾಧಿಸಿದರು. 1912ರಲ್ಲಿ ಪತ್ನಿ ತೀರಿಕೊಂಡಾಗಲೂ ಅವರು ಅಲ್ಲಿಯೇ ಇದ್ದರು. ಅಷ್ಟನ್ನು ಉಂಡವರು ಹೊರಬಂದ ಮೇಲೆ ಜಪಮಣಿ ಹಿಡಿದು ಕೂರಲಿಲ್ಲ. 1916ರಲ್ಲಿ ನಮ್ಮ ಬೆಳಗಾವಿಯಲ್ಲೇ ಹೋಮ್ ರೂಲ್ ಲೀಗ್ ಸ್ಥಾಪಿಸಿದರು. 1932ರಲ್ಲಿ ಧುಳೆ ಜೈಲಿನಲ್ಲಿ ವಿನೋಬಾ ಭಾವೆಯವರು ಭಾನುವಾರಗಳಂದು ಗೀತೆಯ ಬಗ್ಗೆ ಮಾತನಾಡಿದ್ದು ಸಹಕೈದಿಗಳಿಗೆ, ಅಂದರೆ ಮತ್ತೆ ಹೊರಗೆ ಹೋಗಿ ಕಾನೂನು ಮುರಿಯಬಲ್ಲವರಿಗೆ. ಒಳಗಿನ ನೆಲೆ ಗಟ್ಟಿಯಿಲ್ಲದಿದ್ದರೆ ಆರು ವರ್ಷದ ಸೆರೆ ಮನುಷ್ಯನನ್ನು ಮುರಿಯದೆ ಬಿಡುವುದು ಕಷ್ಟ.

ವಿರೋಧ

ತಿಲಕರು ಸೆರೆಗೆ ಹೋಗುವ ಮೊದಲೇ ಹೋರಾಟಗಾರರಾಗಿದ್ದರು. ಜೈಲು ಅವರನ್ನು ಹಾಗೆ ಮಾಡಲಿಲ್ಲ, ಗೀತೆಯನ್ನು ಅವರೇ ತಮ್ಮ ಹೋರಾಟದ ಕಡೆಗೆ ಎಳೆದುಕೊಂಡರು. ಸೆರೆಮನೆಯ ಅಧ್ಯಾತ್ಮ ತಾನಾಗಿ ಎತ್ತ ಒಯ್ಯುತ್ತದೆಂದು ತಿಳಿಯಲು ಅರವಿಂದ ಘೋಷರನ್ನು ನೋಡಬೇಕು. 1908ರ ಮೇ ತಿಂಗಳಲ್ಲಿ ಬಾಂಬ್ ಮೊಕದ್ದಮೆಯಲ್ಲಿ ಬಂಧಿತರಾಗಿ, ಕಲ್ಕತ್ತೆಯ ಅಲೀಪುರ ಜೈಲಿನ ಒಂಬತ್ತು ಅಡಿ ಉದ್ದದ ಒಂಟಿ ಕೋಣೆಯಲ್ಲಿದ್ದ ಅವರು, ಶೌಚಕ್ಕೂ ಸ್ನಾನಕ್ಕೂ ಬೇಳೆಸಾರಿಗೂ ಕುಡಿಯುವ ನೀರಿಗೂ ಒಂದೇ ಬಟ್ಟಲು ಬಳಸಬೇಕಾಗಿದ್ದನ್ನು ನಗುನಗುತ್ತಲೇ ಬರೆದಿದ್ದಾರೆ. ಆ ನಗೆಯಲ್ಲಿ ಜೈಲಿನ ವ್ಯವಸ್ಥೆಯ ಮೇಲೆ ಚುರುಕಾದ ಕುಟುಕು ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಬಿಡುಗಡೆಯಾದ ಮೇಲೆ, 1909ರ ಮೇ 30ರಂದು ಉತ್ತರಪಾಡಾದಲ್ಲಿ ಮಾತನಾಡುತ್ತ, ತಮಗೆ ಜೈಲಿನ ಗೋಡೆಗಳಲ್ಲಷ್ಟೇ ಅಲ್ಲ, ಮ್ಯಾಜಿಸ್ಟ್ರೇಟರಲ್ಲಿಯೂ ಸರ್ಕಾರದ ವಕೀಲರಲ್ಲಿಯೂ ವಾಸುದೇವನೇ ಕಂಡನೆಂದರು. ದಂಡಿಸುವವನೂ ವಾಸುದೇವ, ದಂಡನೆಗೊಳಗಾದವನೂ ವಾಸುದೇವ ಎಂದಾದರೆ, ಅನ್ಯಾಯವೆಂದು ಬೆರಳು ತೋರಿಸುವುದು ಯಾರತ್ತ? ಮರುವರ್ಷ ಅವರು ಪಾಂಡಿಚೇರಿ ಸೇರಿದರು, ರಾಜಕೀಯ ಹಿಂದೆ ಉಳಿಯಿತು; ಮತ್ತೊಂದು ಮೊಕದ್ದಮೆ ಬೆನ್ನ ಹಿಂದಿತ್ತು ಎಂಬುದನ್ನೂ ಹೇಳದಿದ್ದರೆ ತಪ್ಪಾದೀತು.

ಮಂಡ್ಯದ ನಮಗೆ ಇನ್ನೊಂದು ಚಿತ್ರ ಹತ್ತಿರದ್ದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಏರಿಸಿದವರಿಗೆ, ಆಜ್ಞೆ ಹೊರಡಿಸಿದವರು ಯಾರು, ಬಂಧನಕ್ಕೊಳಗಾಗುವವರು ಯಾರು ಎಂಬ ವ್ಯತ್ಯಾಸ ಸ್ಪಷ್ಟವಾಗಿತ್ತು; ಆ ವ್ಯತ್ಯಾಸವನ್ನು ಅಳಿಸುವ ದರ್ಶನ ಅವರಿಗೆ ಬೇಕಿರಲಿಲ್ಲ. ಅಲೀಪುರದ ಮೊಕದ್ದಮೆಯಲ್ಲಿಯೂ ಎಲ್ಲರೂ ಪಾಂಡಿಚೇರಿಗೆ ಹೋಗಲಿಲ್ಲ: ಅರವಿಂದರ ಸ್ವಂತ ತಮ್ಮ ಬಾರೀಂದ್ರರಿಗೆ ಮರಣದಂಡನೆಯಾಗಿ, ಮೇಲ್ಮನವಿಯ ನಂತರ ಅದು ಗಡೀಪಾರಿಗೆ ಇಳಿದು, ಅವರನ್ನು ಅಂಡಮಾನಿನ ಸೆಲ್ಯುಲರ್ ಜೈಲಿಗೆ ಸಾಗಿಸಲಾಯಿತು.